ಜೇಬಮ್ಮ

ಪದವಿ ತರಗತಿಯ ವಿಜ್ಞಾನದ ಮಕ್ಕಳಿಗೆ ರಜೆಯಲ್ಲಿ ಸಂಶೋಧನೆಯ ತರಬೇತಿ ನಡೆಸುವ ಮೇಡಂಗೆ ಅವರ ವಿದ್ಯಾರ್ಥಿಗಳು ಇಟ್ಟ ಹೆಸರು ಜೇಬಮ್ಮ. ಪ್ರಯೋಗಾಲಯಕ್ಕೆ ಕಾಲಿಟ್ಟೊಡನೆ ಅವರ ಎರಡೂ ಕೈಗಳು ಬಿಳಿ ಕೋಟಿನ ಜೇಬಿಗಿಳಿಯುತ್ತವೆ. ಹೊರಗೆ ಬಿಟ್ಟರೆ ಅವು ಮಕ್ಕಳ ಕೈಯಿಂದ ಪಿಪೆಟ್ಟನ್ನು ಕಿತ್ತುಕೊಳ್ಳುತ್ತವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಯಾರಾದರೂ ಬೀಕರನ್ನು ಓರೆಯಾಗಿ ಹಿಡಿದರೆ ಸಾಕು, ಒಳಗೆ ಕಪ್ಪೆ ಸಿಕ್ಕಿಕೊಂಡಂತೆ ಜೇಬು ಕುಪ್ಪಳಿಸುತ್ತದೆ. ಬಾಯಿ ಮಾತ್ರ, "ಏನು ಕಾಣಿಸ್ತು ಅದನ್ನ ಹೇಳಪ್ಪ, ಏನಾಗಬೇಕಿತ್ತು ಅನ್ನೋದು ಆಮೇಲೆ," ಎನ್ನುತ್ತದೆ. ದಿನವಿಡೀ ಉಪವಾಸವಿದ್ದ ಆ ಕೈಗಳು ಮನೆಯಲ್ಲಿ ಗಂಡನ ಸೌಟನ್ನು ಕಸಿದುಕೊಳ್ಳುತ್ತವೆ. "ಊರ ಮಕ್ಕಳಿಗೆಲ್ಲ ಕೆಡಿಸೋಕೂ ಅನುಮತಿ, ನನಗೆ ಕಲಕೋಕೂ ಇಲ್ವೇನೇ?" ಎಂದು ಆತ ಗೊಣಗುತ್ತಾರೆ. ಮೊನ್ನೆ, ಎರಡು ನಳಿಕೆ ಚೆಲ್ಲಿಕೊಂಡಿದ್ದ ಹುಡುಗಿಯೊಬ್ಬಳ ಮುಂದೆ, ಅವಳು ರಜೆಯೆಲ್ಲ ಸಾಕಿದ ಸೂಕ್ಷ್ಮಜೀವಿಗಳ ಕೊನೆಯ ನಳಿಕೆ ಉಳಿದಿತ್ತು; ಅದಕ್ಕೊಂದು ಮದ್ದಿನ ಹನಿ ಹಾಕಿ ಏನಾಗುತ್ತದೆಂದು ನೋಡಬೇಕಿತ್ತು. ಆ ನಳಿಕೆಯೂ ಹೋದರೆ ಅವಳ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. "ಮದ್ದು ನೀವೇ ಹಾಕ್ಬಿಡಿ ಮೇಡಂ, ನಾನು ಇದನ್ನೂ ಚೆಲ್ಲಿಬಿಡ್ತೀನಿ." "ನಾನು ಹಾಕಿದ್ರೆ ಅದು ನನ್ನ ಪ್ರಯೋಗ ಆಗುತ್ತೆ ಕಣಮ್ಮ. ಚೆಲ್ಲಿದ್ರೆ ಚೆಲ್ಲಲಿ, ನಿಧಾನವಾಗಿ ಹಾಕು." ಆ ಮದ್ದಿನ ಹನಿ ಬಿದ್ದರೆ ಜೀವಿಗಳ ಈಜು ನಿಲ್ಲುತ್ತದೆಂಬುದು ಮೇಡಂ ಹಿಂದೊಮ್ಮೆ ಸಂಶೋಧನಾ ಲೇಖನದಲ್ಲಿ ಬರೆದು ಹೆಸರು ಗಳಿಸಿದ ಮಾತು. ಹುಡುಗಿ ತಮ್ಮ ಮುಖದಲ್ಲಿ ಉತ್ತರ ಹುಡುಕದಿರಲೆಂದು ಅವರು ಗೋಡೆಯ ಕಡೆ ತಿರುಗಿ ನಿಂತರು. ಹನಿ ಹಾಕಿ ನೋಡಿದ ಹುಡುಗಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಅಂದಳು, "ಬೈಬೇಡಿ ಮೇಡಂ, ಇವು ಇನ್ನೂ ಈಜ್ತಾನೇ ಇವೆ." ಜೇಬಮ್ಮ ಸ್ಟೂಲೊಂದನ್ನು ಎಳೆದುಕೊಂಡು ಅವಳ ಪಕ್ಕ ಕುಳಿತರು. "ಸರಿ, ನನಗೂ ಗೊತ್ತಿಲ್ಲದ ಜಾಗಕ್ಕೆ ಬಂದ್ವಿ. ಇನ್ನು ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ."