ಮಿಡತೆಯ ಸೈಕಲ್ಲು

ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಾಲರ್ ಕೂರಿಸುವುದರಲ್ಲಿ ಅಕ್ಕನದು ಎತ್ತಿದ ಕೈ. ತಮ್ಮ ಹಾಸಿಗೆ ಹಿಡಿದ ಮೇಲೆ ಅಂಗಡಿಗೆ ಹೋಗುವುದನ್ನು ಬಿಟ್ಟು ಕೆಲಸವನ್ನೇ ಮನೆಗೆ ತಂದುಕೊಂಡಳು. ತಾಯಿ ಬೆಳಿಗ್ಗೆ ಲಾಂಡ್ರಿಗೆ ಹೊರಟರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ತಮ್ಮನನ್ನು ಹೊರಳಿಸುವುದು, ಒರೆಸುವುದು, ತುತ್ತು ಹಾಕುವುದು ಎಲ್ಲ ಅಕ್ಕನದೇ.

ತಮ್ಮನನ್ನು ಓಣಿಯವರು ಮಿಡತೆ ಎಂದೇ ಕರೆಯುತ್ತಿದ್ದರು. ಸಣ್ಣ ಚಕ್ರದ ಬಿಎಂಎಕ್ಸ್ ಸೈಕಲ್ಲಿನ ಮೇಲೆ ಮೆಟ್ಟಿಲು, ಕಟ್ಟೆ, ಮೋರಿ ಏನನ್ನೂ ಬಿಡದೆ ಹಾರುತ್ತಿದ್ದ. ಪಾಳುಬಿದ್ದ ಗೋದಾಮಿನ ಹಿಂದೆ ಅವನ ಗೆಳೆಯ ಪೇಂಟರ್ ಹಲಗೆ ಜೋಡಿಸಿ ಇಳಿಜಾರು ಮಾಡಿಕೊಟ್ಟಿದ್ದ. ಅಲ್ಲಿಂದ ಹಾರಿ ಬಿದ್ದ ದಿನ ಮಿಡತೆಯ ಕುತ್ತಿಗೆ ಮೂಳೆ ಮುರಿಯಿತು. ಆಮೇಲೆ ಅವನ ಹಿಡಿತದಲ್ಲಿ ಉಳಿದದ್ದು ಮುಖವೊಂದೇ. ಹಲಗೆ ಜಾರಿತು ಎಂದು ತಾಯಿ ನಂಬಿದಳು. ಆಸ್ಪತ್ರೆಗೆ ನೋಡಲು ಬಂದ ಪೇಂಟರನಿಗೆ ವಾರ್ಡಿನವರೆಲ್ಲರ ಮುಂದೆ ಹಿಡಿಶಾಪ ಹಾಕಿ ಓಡಿಸಿದಳು. ಮಿಡತೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡ. ಮನೆಗೆ ಬಂದ ಮೇಲೂ ಯಾರೊಡನೆಯೂ ಮಾತಿಲ್ಲ.

ನಜ್ಜುಗುಜ್ಜಾದ ಸೈಕಲ್ಲು ಕೋಣೆಯ ಮೂಲೆಯಲ್ಲೇ ಬಿದ್ದಿತ್ತು. ಗಾಲಿಕುರ್ಚಿ ತಿರುಗಿಸಲು ಜಾಗ ಸಾಲದೆ, ಒಂದು ಮಧ್ಯಾಹ್ನ ಅಕ್ಕ ಅದನ್ನು ಬಿಚ್ಚಿ ಗುಜರಿಗೆ ಹಾಕಲೆಂದು ಕೂತಳು. ಎಡಗಡೆಯ ಪೆಡಲ್ಲು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಪಾನಾ ಜಾರಿ ಬೆರಳ ಗೆಣ್ಣು ಸುಲಿಯಿತು.

"ಉಲ್ಟಾ ತಿರುಗಿಸ್ಬೇಕು ಅಕ್ಕ," ಎಂದಿತು ಹಾಸಿಗೆ ಕಡೆಯಿಂದ ಒಂದು ದನಿ. "ಎಡಗಡೇದು ಯಾವಾಗ್ಲೂ ಹಾಗೇನೇ."

ಎಷ್ಟೋ ತಿಂಗಳ ಮೇಲೆ ಕೇಳಿದ ದನಿ. ಅಕ್ಕ ತಲೆಯೆತ್ತಲಿಲ್ಲ, ಎತ್ತಿದರೆ ಮತ್ತೆ ಸುಮ್ಮನಾದಾನು ಎಂಬ ಹೆದರಿಕೆ. ಉಲ್ಟಾ ತಿರುಗಿಸಿದಳು, ಪೆಡಲ್ಲು ಬಿಟ್ಟುಕೊಂಡಿತು. ಗುಜರಿಯ ಮಾತು ಅಲ್ಲಿಗೆ ಮುಗಿಯಿತು.

ಅಲ್ಲಿಂದ ಅವನ ಬಾಯಿ, ಅವಳ ಕೈ. ಚೈನು ಸೀಮೆಎಣ್ಣೆಯಲ್ಲಿ ನೆನೆಯಿತು. ಬೇರಿಂಗಿನ ಗುಂಡುಗಳು ಗುಂಡಿ ಡಬ್ಬಿಯ ಮುಚ್ಚಳದಲ್ಲಿ ಕೂತವು. ಚಕ್ರದ ಸೊಟ್ಟ ತೆಗೆಯುವಾಗ ಅವಳು ಕಡ್ಡಿಗಳನ್ನು ಸಿಕ್ಕಾಪಟ್ಟೆ ಬಿಗಿದು ರಿಮ್ಮನ್ನು ಇನ್ನಷ್ಟು ಸೊಟ್ಟ ಮಾಡಿದಳು. ಇದು ಕಾಜಾ ಹೊಲಿಗೆಯಲ್ಲ, ಕಾಲು ಸುತ್ತು ಸಾಕು ಎಂದು ಅವನು ರೇಗಿದ. ಹಾಗಾದರೆ ನೀನೇ ಎದ್ದು ಮಾಡು ಎಂದು ಅವಳ ಬಾಯಿಂದ ತಪ್ಪಿ ಬಂತು. ಮೊದಲು ನಕ್ಕವನು ಅವನೇ.

ಕಡೆಗೆ ಹ್ಯಾಂಡಲ್ಲಿನ ಸರದಿ. ಅದು ಕ್ಲ್ಯಾಂಪಿನ ಒಳಗೇ ಎರಡು ತುಂಡಾಗಿತ್ತು. ಬಿದ್ದ ಏಟಿಗೆ ಮುರಿದದ್ದು ಎಂದೇ ಎಲ್ಲರೂ ತಿಳಿದಿದ್ದರು. ಅಕ್ಕ ಬೋಲ್ಟು ಬಿಚ್ಚಿ ತುಂಡನ್ನು ಬೆಳಕಿಗೆ ಹಿಡಿದಳು. ಮುರಿದ ಅಂಚಿನ ಅರ್ಧ ಹೊಸ ಲೋಹದ ಹೊಳಪು, ಇನ್ನರ್ಧ ಹಳೆಯ ತುಕ್ಕು. ಬೀಳುವುದಕ್ಕೆ ಎಷ್ಟೋ ಮುಂಚೆಯೇ ಅದು ಬಿರುಕು ಬಿಟ್ಟಿತ್ತು. ತುಂಡನ್ನು ಮೆಲ್ಲಗೆ ಚಿಂದಿ ಬಟ್ಟೆಯ ಚೀಲಕ್ಕೆ ತುರುಕಿದಳು.

"ತುಕ್ಕಿತ್ತು ಅಲ್ವಾ?" ಎಂದ ಮಿಡತೆ.

ಅವಳು ಚೀಲದ ಬಾಯಿ ಕಟ್ಟಿದಳು.

"ಬಹಳ ದಿನದಿಂದ ಕಿರ್ ಅಂತಿತ್ತು ಅಕ್ಕ. ಬಿಚ್ಚಿ ನೋಡಿದ್ರೆ ಹಾರೋದು ನಿಲ್ಲಿಸ್ಬೇಕಾಗುತ್ತೆ ಅಂತ ನೋಡ್ಲೇ ಇಲ್ಲ. ಬೇಡ ಕಣೋ ಅಂತ ಪೇಂಟರ್ ಆವತ್ತೂ ಹೇಳಿದ್ದ."

"ಮತ್ತೆ ಅಮ್ಮ ಅವನನ್ನ ಹಾಗೆ ಬೈದು ಓಡಿಸಿದಾಗ ನೀನ್ಯಾಕೆ ಬಾಯಿ ಬಿಡಲಿಲ್ಲ?"

"ಅವಳಿಗೆ ಬೈಯೋಕೆ ಯಾರಾದ್ರೂ ಬೇಕಿತ್ತು. ನಂದೇ ತಪ್ಪು ಅಂತ ಗೊತ್ತಾದ್ರೆ ದಿನಾ ಸಂಜೆ ಬಂದು ನನ್ನ ಮೈ ತೊಳೀವಾಗ ಅವಳಿಗೆ ಏನನ್ಸುತ್ತೆ, ಹೇಳು."

ಅಕ್ಕ ಪಾನಾ ಬಿಸಾಡಿ ಹೊರಗೆ ನಡೆದಳು. ಕಾಲು ಹೋದತ್ತ ಅಲೆದು, ಹೊತ್ತು ಇಳಿದ ಮೇಲೆ ಹಿಂದಿರುಗಿದಾಗ ತಮ್ಮ ಮಲಮೂತ್ರದಲ್ಲೇ ಮಲಗಿದ್ದ. ತುಟಿ ಒಣಗಿ ಬಿರಿದಿತ್ತು. ಅವಳು ನೀರು ಕುಡಿಸಿ, ಮೈ ಒರೆಸಿ, ಹಾಸಿಗೆ ಬದಲಿಸಿದಳು. ಅಮ್ಮನಿಗೂ ಪೇಂಟರನಿಗೂ ಹೇಳಿಬಿಡು ಎಂದು ಅವನೇ ಕೇಳಿಕೊಂಡ.

ತಾಯಿ ನಂಬಲಿಲ್ಲ. ಕಬ್ಬಿಣ ಎಂದ ಮೇಲೆ ತುಕ್ಕು ಹಿಡಿಯದೆ ಇರುತ್ತದೆಯೇ ಎಂದು ಎದ್ದು ಹೋದಳು. ಪೇಂಟರ್ ಸಿಕ್ಕಿದ್ದು ಹೊಸ ಕಟ್ಟಡವೊಂದರಲ್ಲಿ, ಬೊಂಬು ಕಟ್ಟಿದ ಸಾರುವೆಯ ಮೇಲೆ. ಕೆಳಗಿಳಿದು, ಬ್ರಷ್ಷು ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ಅವನೇ ಹೇಳಿದ್ನಾ?"

"ಹೂಂ."

"ಇಷ್ಟು ದಿನ ಆದ್ಮೇಲೆ," ಎಂದವನು ಮತ್ತೆ ಮೇಲೆ ಹತ್ತಿದ. ಅವಳು ಕೆಳಗೆ ಕಾದಳು. ಅವನು ಇಳಿಯಲಿಲ್ಲ.

ಗುಜರಿಯಲ್ಲಿ ಹುಡುಕಿ ತಂದ ಬೇರೆ ಹ್ಯಾಂಡಲ್ಲು ಕೂರಿಸಿ ಅಕ್ಕ ಸೈಕಲ್ಲನ್ನು ಮುಗಿಸಿದಳು. ಕಿಟಕಿಯ ಕೆಳಗೆ ಓಣಿಯಲ್ಲಿ ತಡಬಡಾಯಿಸಿಕೊಂಡು ಓಡಿಸಿದಾಗ, ಹಿಂದಿನ ಬ್ರೇಕು ಉಜ್ಜುತ್ತಿದೆ ಎಂದು ಅವನು ಒಳಗಿನಿಂದಲೇ ಕೂಗಿದ. ಚಳಿ ಶುರುವಾದಾಗ ಅವನ ಎದೆಯಲ್ಲಿ ಕಫ ಕಟ್ಟಿತು. ಕೆಮ್ಮಿ ಉಗುಳುವ ಶಕ್ತಿ ಆ ಮೈಗೆ ಇರಲಿಲ್ಲ. ಎರಡನೆಯ ಸಲ ಆಸ್ಪತ್ರೆಗೆ ಹೋದವನು ಹಿಂದಿರುಗಲಿಲ್ಲ.

ಹೆಣ ಮನೆಗೆ ಬಂದ ದಿನ ಪೇಂಟರ್ ಬಂದು ಎದುರು ಗೋಡೆಗೆ ಒರಗಿ ನಿಂತ. ತಾಯಿ ಅವನನ್ನು ನೋಡಿದಳು. ಒಳಗೆ ಕರೆಯಲಿಲ್ಲ, ಹೋಗು ಎನ್ನಲೂ ಇಲ್ಲ. ಎಲ್ಲ ಮುಗಿಯುವವರೆಗೂ ನಿಂತಿದ್ದು ಹೋದ.

ಅಕ್ಕ ಈಗ ಮತ್ತೆ ಅಂಗಡಿಗೆ ಹೋಗುತ್ತಾಳೆ, ಅದೇ ಸೈಕಲ್ಲಿನಲ್ಲಿ. ಸೀಟು ತಗ್ಗು, ಚಕ್ರ ಸಣ್ಣದು. ಅಂಗಡಿ ಮುಟ್ಟುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿರುತ್ತದೆ. ರಜೆಯ ದಿನ ಎಲ್ಲವನ್ನೂ ಬಿಚ್ಚಿ, ಒರೆಸಿ, ಗ್ರೀಸು ಹಚ್ಚಿ ಜೋಡಿಸುತ್ತಾಳೆ. ಅಷ್ಟು ಹೊತ್ತೂ ತಾಯಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಒಳಗಿರುತ್ತಾಳೆ.