ಎದುರಾಳಿಯ ಹತ್ತಿರ ಉಳಿದ ಜೆರ್ಸಿ

ಮೊನ್ನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಅಂಗಡಿಯಲ್ಲಿ ಪುಟ್ಟದೊಂದು ಬಾಟಲಿ ನೀಲಗಿರಿ ಎಣ್ಣೆಗೆ ಒಂಬತ್ತು ಡಾಲರ್ ಕೊಟ್ಟೆ. ಮುಚ್ಚಳ ಸೋರುತ್ತಿದೆ ಎಂದು ತೋರಿಸಿ ಏಳಕ್ಕೆ ಇಳಿಸಿಯಾಗಿತ್ತು. ಬೆರಳಿಗಂಟಿದ ವಾಸನೆ ಮೂಗಿಗೆ ಬಂದದ್ದೇ, ಪೂರ್ತಿ ದುಡ್ಡಿಟ್ಟು ಹೊರಬಂದೆ. ನಮ್ಮ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಐದು ವರ್ಷ ಇದೇ ವಾಸನೆಯಿತ್ತು…

ಮನೆ ಬದಲಿಸುವವರ ಸಾಮಾನು ಸಾಗಿಸುವುದು ನನ್ನ ವ್ಯಾಪಾರ. ಆಗ ಜೊತೆಗಿದ್ದ ಆಳು ಉಕ್ರೇನಿನವನು. ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟುಗಳಲ್ಲಿ ಮೂರನೆಯ ಮಹಡಿಗೆ ಫ್ರಿಜ್ಜನ್ನು ಬೆನ್ನಮೇಲೆ ಹೊತ್ತು ಹತ್ತುತ್ತಿದ್ದ. ಆಮೇಲೆ ಮಂಡಿಗೆ ಈ ಎಣ್ಣೆ ಉಜ್ಜಿಕೊಳ್ಳುತ್ತಿದ್ದ. ಹಿಂದೆ ರಗ್ಬಿ ಆಟಗಾರ. ದೇಶದ ತಂಡಕ್ಕೆ ಆಡಿದ್ದು ಒಂದೇ ಪಂದ್ಯ, ರಷ್ಯಾದ ವಿರುದ್ಧ. ಆಟ ಮುಗಿದ ಮೇಲೆ ಜೆರ್ಸಿ ಬದಲಾಯಿಸಿಕೊಳ್ಳುವುದು ಅವರ ರೂಢಿಯಂತೆ. ಹಾಗಾಗಿ ಎದುರಾಳಿಯದು ಇವನ ಬಳಿ, ಇವನದು ಎದುರಾಳಿಯ ಬಳಿ.

“ಇದ್ದದ್ದೇ ಒಂದು, ಅದನ್ನೂ ಕೊಟ್ಬಿಟ್ಯಾ? ವ್ಯಾಪಾರ ಗೊತ್ತಿಲ್ಲ ನಿಂಗೆ” ಎಂದು ಛೇಡಿಸಿದ್ದೆ.

“ನನ್ನ ಮೂಗು ಮುರಿದವನು ಅವನು, ಬಾಸ್. ಅವನಿಗೆ ಕೊಡ್ದೆ ಇನ್ಯಾರಿಗೆ ಕೊಡ್ಲಿ?” ಎಂದು ನಕ್ಕಿದ್ದ.

ಯುದ್ಧ ಶುರುವಾಯಿತು, ಊರಿಗೆ ಹೊರಟು ನಿಂತ. ಸಂಬಳ ಏರಿಸುತ್ತೇನೆ, ಒಂದು ತಿಂಗಳು ತಡೆ ಎಂದೆ.

“ಏನ್ರೀ, ಇದಕ್ಕೂ ಚೌಕಾಸಿನಾ? ಬಿಡಿ, ಸಾಕು” ಎಂದಳು ನನ್ನ ಹೆಂಡತಿ.

ಹೋದ. ಮರುವರ್ಷ ಚಳಿಗಾಲದಲ್ಲಿ, ಯುದ್ಧದಲ್ಲಿ ತೀರಿಹೋದ ಎಂಬ ಸುದ್ದಿ ಬಂತು…

ಕೆಲವು ತಿಂಗಳಾದ ಮೇಲೆ ಅವನ ತಾಯಿಯ ಮೆಸೇಜು. ಬಾಂಬು ಬಿದ್ದು ಮನೆ ಸುಟ್ಟಿದೆ, ಮಗನದೇನೂ ಉಳಿದಿಲ್ಲ, ದೇಶಕ್ಕೆ ಆಡಿದ ಜೆರ್ಸಿ ನಿಮ್ಮಲ್ಲಿ ಬಿಟ್ಟಿದ್ದಾನೆಯೇ ಎಂದು ಕೇಳಿದ್ದರು. ತರಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಅವನು ಹಿಂದೆ ಹೇಳಿದ್ದ ಹೆಸರು ಹಿಡಿದು ಇಂಟರ್ನೆಟ್ಟಿನಲ್ಲಿ ಆ ಎದುರಾಳಿಯನ್ನು ಹುಡುಕಿ ಬರೆದೆ: ಅಂದು ಬದಲಾಯಿಸಿಕೊಂಡ ಉಕ್ರೇನಿನ ಜೆರ್ಸಿಗೆ ಐನೂರು ಡಾಲರ್. ಯಾರು ಸತ್ತರು, ಯಾರಿಗೆ ಬೇಕು, ಒಂದನ್ನೂ ತಿಳಿಸಲಿಲ್ಲ. ನಮ್ಮ ಗರಜು ಗೊತ್ತಾದರೆ ಬೆಲೆ ಏರಿಸುತ್ತಾನೆ ಎಂಬುದು ನನ್ನ ಲೆಕ್ಕ.

ಉತ್ತರ ಬಂತು. “ಇದು ನನ್ನ ಗೆಳೆಯನದು. ಮಾರುವುದಿಲ್ಲ.” ಅಷ್ಟು ಬರೆದು ನನ್ನನ್ನು ಬ್ಲಾಕ್ ಮಾಡಿದ. ಬೇರೆ ಅಕೌಂಟಿನಿಂದ ನಿಜ ಬರೆದೆ, ಎರಡು ಸಲ. ತೆರೆದು ನೋಡಿದಂತಿಲ್ಲ. ಗೆಳೆಯ ಇಲ್ಲವೆಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲವೇನೋ… ತಾಯಿ ಈಗಲೂ ಆಗಾಗ ಕೇಳುತ್ತಾರೆ, ಏನಾದರೂ ತಿಳಿಯಿತೇ ಎಂದು.

ನೀವೂ ಎಂದಾದರೂ ಸತ್ತವರ ವಸ್ತುವನ್ನು ಇನ್ನೊಬ್ಬರಿಂದ ಕೇಳಬೇಕಾಗಿ ಬಂದರೆ, ಮೊದಲ ಸಾಲಿನಲ್ಲಿ ಸತ್ತವರ ಹೆಸರು ಬರೆಯಿರಿ. ಎರಡನೆಯದರಲ್ಲಿ, ಅವರ ತಾಯಿ ಕೇಳುತ್ತಿದ್ದಾರೆ ಎನ್ನಿ. ಬೆಲೆಯ ಮಾತೆತ್ತಬೇಡಿ.