ಭಾನುವಾರದ ಬಾಗಿಲು

ಮಕ್ಕಳಾಸ್ಪತ್ರೆಯ ಮಿಷನ್ ಡಾಕ್ಟರ್ ಅಮ್ಮಾವ್ರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಗುವಿನ ಎದೆಗೆ ಇಡುವ ಮೊದಲು ಸ್ಟೆತಾಸ್ಕೋಪನ್ನು ತಮ್ಮ ಕೆನ್ನೆಗೆ ಒತ್ತಿ ಬೆಚ್ಚಗೆ ಮಾಡುತ್ತಿದ್ದ ಆ ಬಿಳಿ ಕೈಗಳೂ ನೆನಪಾಗುತ್ತವೆ. ಅದಕ್ಕೇ ಉರಿ ಇನ್ನೂ ಹೆಚ್ಚು.

ಬಾಳೂರು ಕಡೆಯ ಆ ಆಸ್ಪತ್ರೆಗೆ ಬರುವವರೆಲ್ಲ ಕಾಫಿ ತೋಟದ ಆಳುಗಳು. ಪ್ರತಿ ತಾಯಿಗೂ ಅಮ್ಮಾವ್ರದು ಒಂದೇ ಬೈಗುಳ: "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ತಾಯಂದಿರು ತಲೆ ತಗ್ಗಿಸುತ್ತಿದ್ದರು. ವಾರವಿಡೀ ಹಣ್ಣು ಕೊಯ್ಲು, ಮೇಸ್ತ್ರಿ ಬಿಡುತ್ತಿರಲಿಲ್ಲ. ತೋಟಕ್ಕೆ ರಜೆ ಭಾನುವಾರ ಮಾತ್ರ. ಆಸ್ಪತ್ರೆಗೂ ಅವತ್ತೇ ರಜೆ; ಅದು ಪ್ರಾರ್ಥನೆಯ ದಿನ.

ಒಂದು ಸೋಮವಾರ ಅವ್ವ ಮೇಸ್ತ್ರಿಯ ಕಣ್ಣು ತಪ್ಪಿಸಿ, ಜ್ವರದಿಂದ ಕೆಂಡವಾಗಿದ್ದ ತಂಗಿಯನ್ನು ಎತ್ತಿಕೊಂಡು ಹೋದಳು. ನಾನೂ ಸೆರಗು ಹಿಡಿದು ಹೋಗಿದ್ದೆ. ಅಮ್ಮಾವ್ರು ಮಗುವಿನ ಕಣ್ಣು ಬಿಡಿಸಿ ನೋಡಿ ಸಿಡಿದರು. "ಇಷ್ಟು ದಿನ ಏನು ಮಾಡುತ್ತಿದ್ದಿರಿ?"

ಅವ್ವ ತಲೆ ತಗ್ಗಿಸಲಿಲ್ಲ. "ನಿನ್ನೆನೇ ಬಂದಿದ್ದೆ ಅಮ್ಮಾವ್ರೇ. ಬಾಗ್ಲು ತಟ್ಟಿ ತಟ್ಟಿ ಸಾಕಾಯ್ತು. ನೀವು ಒಳಗೆ ಹಾಡ್ತಾ ಇದ್ರಿ. ಇದು ಹೊರಗೆ ಅಳ್ತಾ ಇತ್ತು."

ಅಮ್ಮಾವ್ರ ಮುಖ ಕೆಂಪಾಯಿತು. ಮಗುವಿಗೆ ಮದ್ದು ಕುಡಿಸಿದರು. ಸಂಜೆಯವರೆಗೂ ತಾವೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದರು. ತಂಗಿ ಉಳಿದಳು.

"ಇನ್ನು ಭಾನುವಾರನೂ ತೆಗೀತಾರೆ, ನೋಡ್ತಿರು," ಎಂದಳು ಅವ್ವ. ಮುಂದಿನ ಭಾನುವಾರ ಮದ್ದಿಗೆಂದು ಮತ್ತೆ ಹೋದೆವು. ಬಾಗಿಲು ಮುಚ್ಚಿಯೇ ಇತ್ತು, ಒಳಗಿನಿಂದ ಹಾಡು ಕೇಳುತ್ತಿತ್ತು. ಹೊರಗೆ ಜಗಲಿಯಲ್ಲಿ, ಕಾಯುವ ತಾಯಂದಿರು ಕೂರಲೆಂದು, ಹೊಸದೊಂದು ಬೆಂಚು ಹಾಕಿಸಿದ್ದರು.